ಶೆಡ್ಡಿನ ಹಿಂದಿನ ಉಪ್ಪು

ಲೇತಿನ ಹಿಡಿ ಮುಟ್ಟಿದರೆ ಬೆರಳ ತುದಿಯಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು. ಮೊದಮೊದಲು ಅಷ್ಟೆ. ಸಂಕ್ರಾಂತಿ ಕಳೆದು ಬಿಸಿಲು ಏರುತ್ತಾ ಬಂದ ಹಾಗೆ ಇರುವೆ ಚೇಳಾಯಿತು. ಒಂದು ಮಧ್ಯಾಹ್ನ ಮೊಣಕೈವರೆಗೂ ಜುಮ್ಮೆಂದು ಹೊಡೆದು, ಕೈಯಲ್ಲಿದ್ದ ಅಳತೆಕಡ್ಡಿ ನೆಲಕ್ಕೆ ಬಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತೆಂಟು ವಯಸ್ಸು. ಕೊಡಿಗೇಹಳ್ಳಿಯಿಂದ ದಿನಾ ಸೈಕಲ್ ತುಳಿದುಕೊಂಡು ಯಶವಂತಪುರದ ಒಂದು ಸಣ್ಣ ವರ್ಕ್‌ಶಾಪಿಗೆ ಹೋಗುತ್ತಿದ್ದೆ. ತಗಡಿನ ಶೆಡ್ಡು. ಒಳಗೆ ಎರಡು ಲೇತು, ಒಂದು ಡ್ರಿಲ್ಲಿಂಗ್ ಮಿಷನ್ನು, ಮೂಲೆಯಲ್ಲಿ ಒಂದು ಸಾಣೆ ಮಿಷನ್ನು. ಹೆಬ್ಬಾಳ, ಯಲಹಂಕ ಕಡೆಯ ದ್ರಾಕ್ಷಿ ತೋಟಗಳ ಪಂಪುಗಳು ಕೆಟ್ಟರೆ ಅವುಗಳ ಶಾಫ್ಟು, ಬುಷ್ಷು ನಮ್ಮಲ್ಲಿಗೇ ಬರುತ್ತಿದ್ದವು. ಕಬ್ಬಿಣ ಕೊರೆಯುವಾಗ ಬಿಸಿಯಾಗದಿರಲಿ ಅಂತ ಸೋಪಿನ ನೀರು ಬಿಡುತ್ತಿದ್ದರಿಂದ ನೆಲ ಯಾವಾಗಲೂ ಒದ್ದೆ. ಆ ಒದ್ದೆಯಲ್ಲಿ ನಾವು ಬರಿಗಾಲಲ್ಲೇ ನಿಲ್ಲುತ್ತಿದ್ದೆವು. ಮಿಷನ್ನು ಅಂದರೆ ಲಕ್ಷ್ಮಿ, ಚಪ್ಪಲಿ ಹೊರಗೇ ಬಿಡಬೇಕು ಅನ್ನುವುದು ಮಾಲೀಕರ ಕಟ್ಟಪ್ಪಣೆ. ಅವರು ಮಾತ್ರ ಬೂಟು ಕಾಲಲ್ಲೇ ಒಳಗೆ ಓಡಾಡುತ್ತಿದ್ದರು. ಅದನ್ನು ಯಾರೂ ಕೇಳುತ್ತಿರಲಿಲ್ಲ.

ಅಳತೆಕಡ್ಡಿ ಬಿದ್ದ ದಿನ ಅವರನ್ನೇ ಕರೆದೆ. "ಸಾರ್, ಲೇತು ಕರೆಂಟು ಹೊಡೀತಿದೆ."

ಅವರು ಬಂದು ಅಂಗೈ ಅಗಲಿಸಿ ಲೇತಿನ ಮೈ ಮೇಲಿಟ್ಟರು. ಸವರಿದರು. ನನ್ನ ಮುಖ ನೋಡಿದರು.

"ಎಲ್ಲಪ್ಪಾ ಹೊಡೀತು? ನಂಗೇನೂ ಆಗ್ತಿಲ್ವಲ್ಲ."

ನಾನು ಮತ್ತೆ ಮುಟ್ಟಿದೆ. ನನಗೂ ಏನೂ ಆಗಲಿಲ್ಲ! ಕೆಲಸಕ್ಕೆ ಕಳ್ಳಬೀಳುವ ಹುನ್ನಾರ ಅಂತ ಅವರಿಗನ್ನಿಸಿತೋ ಏನೋ, ಒಂದು ನಗೆ ನಕ್ಕು ಹೊರಟುಹೋದರು. ಅವರು ಬಾಗಿಲು ದಾಟಿ ಸ್ವಲ್ಪ ಹೊತ್ತಾಗಿರಲಿಲ್ಲ, ಮತ್ತೆ ಹೊಡೆಯಿತು.

ಡ್ರಿಲ್ಲಿಂಗ್ ಮಿಷನ್ನಿನಲ್ಲಿದ್ದವನು ನನ್ನ ವಾರಿಗೆಯವನು, ಗಂಗೇನಹಳ್ಳಿಯ ಕಡೆಯವನು. ಮನೆಯಲ್ಲಿ ಅವರದು ದಖನಿ ಉರ್ದು, ನನ್ನ ಜೊತೆ ನನಗಿಂತ ಚೆಂದದ ಕನ್ನಡ. ಅವನು ನನ್ನನ್ನು ಗುರು ಅನ್ನುತ್ತಿದ್ದ, ನಾನು ಅವನನ್ನು ಭಾಯಿ ಅನ್ನುತ್ತಿದ್ದೆ. ಒಂದೇ ಕಡೆ ಕೂತು ಬುತ್ತಿ ಬಿಚ್ಚುತ್ತಿದ್ದೆವು.

"ನಂಗೂ ಹೊಡೀತದೆ ಗುರು," ಅಂದ ಅವನು. "ಒಂದ್ಸಲ ಇರ್ತದೆ, ಒಂದ್ಸಲ ಇರಲ್ಲ. ಅದೇ ಅರ್ಥ ಆಗಲ್ಲ."

ನಮ್ಮಿಬ್ಬರಿಗೂ ಹೊಡೆಯುತ್ತಿತ್ತು. ಎರಡನೇ ಲೇತಿನವನಿಗೂ ಆಗಾಗ. ಒಬ್ಬರಿಗೆ ಮಾತ್ರ ಯಾವತ್ತೂ ಇಲ್ಲ. ಸಾಣೆ ಮಿಷನ್ನಿನ ಹಿರಿಯ ಕೆಲಸಗಾರರಿಗೆ, ನಾವೆಲ್ಲ ಯಜಮಾನ್ರು ಅಂತ ಕರೆಯುತ್ತಿದ್ದವರಿಗೆ.

ಅವರಿಗೆ ಐವತ್ತು ದಾಟಿತ್ತು. ಊರು ಹೆಬ್ಬಾಳ. ಎರಡನೇ ಮಹಾಯುದ್ಧದ ಕಾಲದಲ್ಲಿ ಯಲಹಂಕದ ವಿಮಾನದವರ ಹತ್ತಿರ ಕೆಲಸ ಮಾಡಿದವರು ಅಂತ ಕೇಳಿದ್ದೆ. ಲೇತಿನ ಉಳಿ, ಡ್ರಿಲ್ಲು ಸಾಣೆ ಹಿಡಿಯುವುದರಲ್ಲಿ ಅವರದು ಪಳಗಿದ ಕೈ. ಮಾತು ಮಾತ್ರ ಇಲ್ಲವೇ ಇಲ್ಲ. ನಮಸ್ಕಾರ ಅಂದರೂ ಒಮ್ಮೊಮ್ಮೆ ತಿರುಗಿ ನೋಡದೆ ಹೋಗುವವರು. ಎಲ್ಲರೂ ಬರಿಗಾಲಲ್ಲಿದ್ದರೆ ಅವರೊಬ್ಬರೇ ಟೈರಿನ ಚಪ್ಪಲಿ ಹಾಕಿಕೊಂಡು, ಒಂದು ಹಲಗೆಯ ಮೇಲೆ ನಿಂತು ಸಾಣೆ ಹಿಡಿಯುತ್ತಿದ್ದರು. ಚಪ್ಪಲಿ ಹೊರಗೆ ಬಿಡಿ ಅಂದರೂ ಬಿಡದವರು. ಅಂಥ ಕೈ ಬೇರೆ ಸಿಗುವುದಿಲ್ಲ ಅಂತ ಮಾಲೀಕರು ಸುಮ್ಮನಿದ್ದರು.

ನನಗೆ ಮೊದಲಿನಿಂದಲೂ ಅನುಮಾನದ ಬುದ್ಧಿ. ಬಸ್ಸಿನಲ್ಲಿ ಪಕ್ಕದವನು ಕೆಮ್ಮಿದರೂ ಜೇಬು ಮುಟ್ಟಿ ನೋಡಿಕೊಳ್ಳುವವನು ನಾನು. ಯಜಮಾನರ ಮೇಲೆ ಒಂದು ಕಣ್ಣಿಟ್ಟೆ. ಒಂದು ವಾರ ನೋಡಿದೆ. ನೋಡಿದ್ದು ನನ್ನನ್ನೇ ಬೆಚ್ಚಿಬೀಳಿಸಿತು. ಸಾಣೆ ಮಿಷನ್ನು ಗುಂಯ್ ಅಂದಾಗ ಮಾತ್ರ ನನಗೆ ಕರೆಂಟು ಹೊಡೆಯುತ್ತಿತ್ತು. ಅದು ನಿಂತಿದ್ದರೆ ಲೇತು ಹಸುವಿನ ಹಾಗೆ ಸಾಧು. ಮೂಲೆಯಲ್ಲಿ ಅವರು ಸ್ವಿಚ್ಚು ಹಾಕಿದರೆ ಹತ್ತಾಳುದ್ದ ದೂರದಲ್ಲಿ ನನಗೆ ಏಟು. ನನ್ನ ಲೇತಿನ ಮೋಟಾರೇ ಬೇರೆ, ಅವರ ಮಿಷನ್ನಿನ ಮೋಟಾರೇ ಬೇರೆ. ಹಾಗಿದ್ದಮೇಲೆ ಇದು ಹೇಗೆ?

ಭಾಯಿಗೆ ಹೇಳಿದೆ. ಅವನು ಬುತ್ತಿಯ ಮುಚ್ಚಳ ಮುಚ್ಚುತ್ತಾ, "ಹೋಗಿ ಕೇಳಿದ್ರೆ ಆಯ್ತಲ್ಲ. ಹಿರಿಯರು, ಗೊತ್ತಿದ್ರೆ ಹೇಳ್ತಾರೆ," ಅಂದ.

"ಕೇಳಿದ್ರೆ ಎಚ್ಚರ ಆಗ್ಬಿಡ್ತಾರೆ," ಅಂದೆ ನಾನು.

ಮರುದಿನ ಬೇಗ ಹೊರಟು ಎಲ್ಲರಿಗಿಂತ ಮೊದಲು ಶೆಡ್ಡು ಸೇರಿದೆ. ನನಗಿಂತ ಮೊದಲೇ ಯಜಮಾನರ ಸೈಕಲ್ಲು ಅಲ್ಲಿ ಒರಗಿತ್ತು. ಒಳಗೆ ಅವರಿಲ್ಲ. ಸದ್ದಾಗದಂತೆ ಗೋಡೆಯ ಪಕ್ಕದಲ್ಲಿ ನಡೆದು ಹಿಂದಕ್ಕೆ ಇಣುಕಿದೆ. ಶೆಡ್ಡಿನ ಹಿಂದೆ ಲಂಟಾನ ಬೆಳೆದ ಮೂಲೆಯಲ್ಲಿ ಅವರು ಕುಕ್ಕರಗಾಲಲ್ಲಿ ಕೂತಿದ್ದರು. ಮುಂದೆ ನೆಲದಿಂದ ಒಂದು ಗೇಣು ಮೇಲೆದ್ದ ಕಬ್ಬಿಣದ ಕೊಳವೆ. ಅದರ ಸುತ್ತ ಮಣ್ಣು ಕೆದಕಿತ್ತು, ಮಣ್ಣಿನಲ್ಲಿ ಇದ್ದಿಲ ಚೂರುಗಳು. ಯಜಮಾನರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಒಂದು ಹಿಡಿ ಕಲ್ಲುಪ್ಪು ಸುರಿದರು. ಡಬ್ಬದಿಂದ ನಿಧಾನವಾಗಿ ನೀರು ಹೊಯ್ದರು. ಆಮೇಲೆ ಕೊಳವೆಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ, ತುಟಿಯಲ್ಲಿ ಏನೋ ಅಂದುಕೊಂಡರು.

ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದಕ್ಕೆ ಸರಿದೆ.

ಸಂಜೆ ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಉಪ್ಪಾ? ಇದ್ಲೂ ಐತಾ?" ಅಂದಳು. "ಅಂಗಾದ್ರೆ ಅದು ಒಳ್ಳೇದುಕ್ಕಲ್ಲ ಕಣಪ್ಪ. ನೀನ್ ಅತ್ಲಾಗೆ ಓಗ್ಬ್ಯಾಡ, ಅದುನ್ನ ತುಳೀಬ್ಯಾಡ." ಮಾರನೆಯ ದಿನ ನನ್ನ ತೋಳಿಗೆ ಒಂದು ತಾಯಿತ ಬಂತು. ನಾನು ಪ್ರೈಮರಿ ಮುಗಿಸಿ ಮಿಡ್ಲ್ ಸ್ಕೂಲಿಗೂ ಹೋದವನು, ಇಂಚಿನ ಸಾವಿರದಲ್ಲೊಂದು ಭಾಗ ಅಳೆಯುವ ಕೆಲಸದವನು. ಆದರೂ ತಾಯಿತ ಕಟ್ಟಿಸಿಕೊಂಡೆ. ಅದನ್ನು ಮುಚ್ಚಿಡಲು ಉದ್ದ ತೋಳಿನ ಅಂಗಿ ಹಾಕಿಕೊಂಡು ಹೋದೆ. ಲೇತಿನವರು ಉದ್ದ ತೋಳು ಹಾಕಬಾರದು, ಕಬ್ಬಿಣವನ್ನು ಕಚ್ಚಿ ಹಿಡಿದು ತಿರುಗುವ ಚಕ್ಕಿಗೆ ಸಿಕ್ಕಿಕೊಳ್ಳುತ್ತದೆ. ಅದೂ ಗೊತ್ತಿತ್ತು.

ಒಮ್ಮೆ ಕೇಳಿಯೂ ಬಿಟ್ಟೆ. ಅವರು ಬೆನ್ನು ಹಾಕಿ ನಿಂತು ಉಳಿ ಒರೆಸುತ್ತಿದ್ದರು. ನಾನು ಹಿಂದಿನಿಂದ ಹೋಗಿ, "ಯಜಮಾನ್ರೇ, ಬೆಳಿಗ್ಗೆ ಬೆಳಿಗ್ಗೆ ಹಿಂದ್ಗಡೆ ಏನ್ ಪೂಜೆ?" ಅಂದೆ. ಅವರು ತಿರುಗಲಿಲ್ಲ. ಇನ್ನೊಮ್ಮೆ ಅಂದೆ. ಉಳಿಯನ್ನು ಬೆಳಕಿಗೆ ಹಿಡಿದು ನೋಡಿ ಡಬ್ಬಕ್ಕೆ ಹಾಕಿ, ನನ್ನ ಕಡೆ ನೋಡದೆಯೇ ಆಚೆ ಹೋದರು. ಇದಕ್ಕಿಂತ ಸಾಕ್ಷಿ ಏನು ಬೇಕು ಅಂದುಕೊಂಡೆ.

ಮಾಲೀಕರ ಕೋಣೆಗೆ ಹೋಗಿ ಎಲ್ಲ ಒದರಿದೆ. ಸಾಣೆ ಮಿಷನ್ನು ಓಡುವಾಗ ನಮಗೆ ಹೊಡೆಯುವುದು, ಹಿಂದಿನ ಕೊಳವೆ, ಉಪ್ಪು, ಇದ್ದಿಲು. ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ. ಸಾಣೆ ಮಿಷನ್ನು ಅಂದ ಕೂಡಲೇ ಅವರ ಮುಖದ ಬಣ್ಣ ಸ್ವಲ್ಪ ಬದಲಾಯಿತು. ಕಿಟಕಿಯಿಂದ ಮೂಲೆಯ ಕಡೆ ಒಮ್ಮೆ ನೋಡಿ, "ಬೇರೆ ಯಾರಿಗಾದ್ರೂ ಹೇಳಿದ್ಯಾ?" ಅಂದರು.

"ಇಲ್ಲ ಸಾರ್," ಅಂತ ಸುಳ್ಳು ಹೇಳಿದೆ.

"ಹೇಳ್ಬೇಡ. ನಾನ್ ನೋಡ್ಕೋತೀನಿ."

ಆ ಶನಿವಾರವೇ ಯಜಮಾನರಿಗೆ ಸೋಮವಾರದಿಂದ ಬರಬೇಡಿ ಅಂದರು. ಮಾಲೀಕರು ಏನು ಕಾರಣ ಕೊಟ್ಟರೋ ಗೊತ್ತಿಲ್ಲ. ಯಜಮಾನರು ಜಗಳವಾಡಲಿಲ್ಲ. ತಮ್ಮ ಸಾಮಾನುಗಳನ್ನು ಗೋಣಿಚೀಲಕ್ಕೆ ತುಂಬಿ ಸೈಕಲ್ಲಿಗೆ ಕಟ್ಟಿದರು. ಹಲಗೆಯನ್ನು ಮಾತ್ರ ಅಲ್ಲೇ ಬಿಟ್ಟರು. ಹೋಗುವಾಗ ನನ್ನ ಲೇತಿನ ಮುಂದೆ ನಿಂತು ನನ್ನ ಕಾಲುಗಳನ್ನು ನೋಡಿದರು. ಇಡೀ ಶೆಡ್ಡಿಗೆ ಕೇಳುವಂತೆ ಗಟ್ಟಿಯಾಗಿ ಒಂದೇ ಮಾತಂದರು.

"ಚಪ್ಪಲಿ ಹಾಕ್ಕೊಳೋ."

ನನಗೆ ಮೈಯೆಲ್ಲ ಉರಿಯಿತು. ಚಪ್ಪಲಿಯಲ್ಲಿ ಹೊಡೆಯುತ್ತೇನೆ ಅಂದ ಹಾಗೇ ಕೇಳಿಸಿತು ಆ ದನಿ.

ಅವರು ಹೋದ ಮೇಲಿನ ಸೋಮವಾರ ನಾನು ಒಂದು ಚಪ್ಪಡಿ ಕಲ್ಲು ಉರುಳಿಸಿಕೊಂಡು ಹೋಗಿ ಆ ಕೊಳವೆಯ ಬುಡಕ್ಕೆ ಮುಚ್ಚಿದೆ. ಉಪ್ಪಿಗೆ ಇನ್ನು ನೀರು ಸೋಕದಿರಲಿ ಅಂತ ಸುತ್ತ ಒಣಮಣ್ಣು ಮೆತ್ತಿದೆ. ಭಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಕೇಳದೇನೇ ಕಳಿಸ್ಬಿಟ್ರಲ್ಲ ಗುರು, ಪಾಪ," ಅಂದ. ಹೇಳಿದವನು ನಾನೇ ಅಂತ ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಆಮೇಲಿನ ದಿನಗಳು ನನ್ನ ಅನುಮಾನಕ್ಕೆ ಮೊಹರು ಒತ್ತಿದವು. ಯುಗಾದಿ ಆಸುಪಾಸಿನಲ್ಲಿ ಎರಡು ದಿನ ಜೋರು ಮಳೆಯಾಯಿತು. ಯಾರಿಗೂ ಕರೆಂಟು ಹೊಡೆಯಲಿಲ್ಲ. ಸಾಣೆ ಹಿಡಿಯುವ ಕೆಲಸ ಮಾಲೀಕರು ನನಗೇ ವಹಿಸಿದರು. ನಾನು ಯಜಮಾನರ ಹಲಗೆಯ ಮೇಲೆ ನಿಂತು ಉಳಿ ಚೂಪು ಮಾಡುತ್ತಿದ್ದೆ, ಮುಗಿಸಿ ಸ್ವಿಚ್ಚು ಆರಿಸಿ ಲೇತಿಗೆ ಹೋಗುತ್ತಿದ್ದೆ. ನನಗೆ ಒಂದು ಇರುವೆಯೂ ಕಚ್ಚಲಿಲ್ಲ. "ನೋಡ್ದ್ಯಾ?" ಅಂತ ಭಾಯಿಯ ಮುಂದೆ ಜಂಬ ಕೊಚ್ಚಿಕೊಂಡೆ.

ಮಳೆ ನಿಂತು ಬಿಸಿಲು ಕಾದ ಮೇಲೆ ಅವನು ಮತ್ತೆ ಶುರುಮಾಡಿದ. "ಗುರು, ಮತ್ತೆ ಹೊಡೀತಿದೆ. ಈ ಸಲ ಜೋರು."

"ನಂಗೇನೂ ಇಲ್ವಲ್ಲ."

"ನಿಂಗಿಲ್ಲ. ನಂಗಿದೆ."

ನಾನು ಎದ್ದು ಹೋಗಿ ಅವನ ಮಿಷನ್ನು ಮುಟ್ಟಿ ನೋಡಿದೆ. ಏನೂ ಇಲ್ಲ. ಮಾಲೀಕರು ನನ್ನನ್ನು ನೋಡಿದ ಹಾಗೆಯೇ ನಾನೂ ಅವನನ್ನು ನೋಡಿದೆ. ಇವನಿಗೆ ಯಜಮಾನರ ಮೇಲೆ ಮೊದಲಿನಿಂದಲೂ ಕನಿಕರ, ಅವರನ್ನು ವಾಪಸು ಕರೆಸಲು ಇದೊಂದು ಉಪಾಯವಿರಬೇಕು ಅಂತ ಅನ್ನಿಸಿತು. ಅವನು ಎರಡು ಸಲ ಮಾಲೀಕರ ಹತ್ತಿರ ಹೋಗಿ ಬಂದ. ವೈರ್‌ಮನ್ನನ್ನು ಕರೆಸುತ್ತೇನೆ ಅಂದರಂತೆ. ಯಾರೂ ಬರಲಿಲ್ಲ.

ಅದು ಹನ್ನೊಂದು ಗಂಟೆ ಸುಮಾರಿಗೆ ಆದದ್ದು. ತಗಡು ಕಾದು ಎಲ್ಲರ ಮೈಯಲ್ಲೂ ಬೆವರು ಇಳಿಯುತ್ತಿತ್ತು. ಭಾಯಿ ಒಂದು ದಪ್ಪ ಕಬ್ಬಿಣಕ್ಕೆ ತೂತು ಕೊರೆಯಲು ಸಿದ್ಧಮಾಡುತ್ತಿದ್ದ. ಎಡಗೈ ಮಿಷನ್ನಿನ ಕಂಬದ ಮೇಲೆ, ಬಲಗೈ ಹಿಡಿಯ ಮೇಲೆ, ಕಾಲ ಕೆಳಗೆ ಸೋಪಿನ ನೀರು. ನನ್ನ ಉಳಿ ಮೊಂಡಾಗಿತ್ತು. ಮೂಲೆಗೆ ಹೋಗಿ ಹಲಗೆ ಹತ್ತಿ ಸ್ವಿಚ್ಚು ಹಾಕಿದೆ. ಚಕ್ರ ವೇಗ ಹಿಡಿಯಿತು. ಉಳಿ ತಾಗಿಸಿ ಕಿಡಿ ಹಾರುವುದನ್ನು ನೋಡುತ್ತಿದ್ದೆ. ಹಿಂದಿನಿಂದ ಒಂದು ಸದ್ದು ಬಂತು. ಕೂಗಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡವನು ಉಸಿರೆಳೆಯಲು ನೋಡುವ ಹಾಗೆ.

ತಿರುಗಿದೆ. ಭಾಯಿ ಮಿಷನ್ನನ್ನು ಅಪ್ಪಿಕೊಂಡಂತೆ ನಿಂತಿದ್ದ. ಇಡೀ ಮೈ ಸಣ್ಣಗೆ ನಡುಗುತ್ತಿತ್ತು. ಕಣ್ಣುಗಳು ನನ್ನ ಕಡೆಗೇ ತೆರೆದಿದ್ದವು. ಬಾಯಿ ತೆರೆದಿತ್ತು, ಮಾತಿರಲಿಲ್ಲ.

ನನಗೆ ಆ ಕ್ಷಣ ಏನೂ ಹೊಳೆಯಲಿಲ್ಲ, ಅದನ್ನು ಮರೆಮಾಚುವುದಿಲ್ಲ. ಮಿಷನ್ನು ಬಿಟ್ಟು ಹೋಗುವಾಗ ಸ್ವಿಚ್ಚು ಆರಿಸಿ ಹೋಗುವುದು ಕೈಗಿದ್ದ ಅಭ್ಯಾಸ. ಕೈ ತಾನಾಗಿಯೇ ಸಾಣೆ ಮಿಷನ್ನಿನ ಸ್ವಿಚ್ಚು ಆರಿಸಿತು. ಆರಿಸಿದ್ದೇ ತಡ, ಹತ್ತಾಳುದ್ದ ಆಚೆ ಭಾಯಿ ಕಡಿದ ಬಾಳೆಯ ಹಾಗೆ ಹಿಂದಕ್ಕೆ ಬಿದ್ದ. ತಲೆ ಲೇತಿನ ಕಾಲಿಗೆ ತಗುಲಿತು.

ಎರಡನೇ ಲೇತಿನವನು ಓಡಿಬಂದು ಅವನನ್ನು ಎತ್ತಿದ. ನಾನು ಹಲಗೆಯ ಮೇಲೇ ನಿಂತಿದ್ದೆ. ಸ್ವಿಚ್ಚಿನ ಮೇಲೆ ನನ್ನ ಬೆರಳು ಇನ್ನೂ ಹಾಗೇ ಇತ್ತು.

ರೈಲ್ವೆ ಸ್ಟೇಷನ್ನಿನ ಮುಂದಿನಿಂದ ಜಟಕಾ ತರಿಸಿ ಆಸ್ಪತ್ರೆಗೆ ಸಾಗಿಸಿದೆವು. ದಾರಿಯಲ್ಲಿ ಅವನು ಒಮ್ಮೆ ಕಣ್ಣು ಬಿಟ್ಟು ನೀರು ಕೇಳಿದ. ಅಂಗೈಗಳು ಸುಟ್ಟಿದ್ದವು. ಬಲಗೈಯ ಎರಡು ಬೆರಳು ಒಳಗಿನವರೆಗೂ ಬೆಂದಿದ್ದವು. ಜೀವಕ್ಕೆ ಭಯವಿಲ್ಲ ಅಂದರು ಡಾಕ್ಟರು. ಅವನ ಹೆಂಡತಿ ಬಂದು, ಹೇಗಾಯಿತು ಅಂತ ನನ್ನನ್ನೇ ಕೇಳಿದಳು. "ಕರೆಂಟು ಹೊಡೀತು ಕಣಮ್ಮ," ಅಂದೆ. ಅಷ್ಟೇ ಹೇಳಿದೆ.

ಭಾನುವಾರ ಸೈಕಲ್ಲು ತೆಗೆದುಕೊಂಡು ಹೆಬ್ಬಾಳಕ್ಕೆ ಹೋದೆ. ಕೆರೆಯ ಏರಿಯ ಕೆಳಗೆ ಯಜಮಾನರ ಮನೆ ಸಿಕ್ಕಿತು. ಜಗಲಿಯಲ್ಲಿ ಅವರ ಹೆಂಡತಿ ಅವರೆಕಾಳು ಹರವುತ್ತಿದ್ದರು. ಯಜಮಾನರು ಆಚೆ ಬದಿ ಬೆನ್ನು ಹಾಕಿ ಒಂದು ಪಂಪು ಬಿಚ್ಚುತ್ತಿದ್ದರು. ನಾನು "ಯಜಮಾನ್ರೇ" ಅಂತ ಕರೆದೆ. ತಿರುಗಲಿಲ್ಲ.

"ಅಂಗ್ ಕರುದ್ರೆ ಕೇಳಾಕಿಲ್ಲಪ್ಪ," ಅಂದರು ಆಕೆ. "ವಿಮಾನದ ಇಂಜಿನ್ ತಾವ ಕೆಲ್ಸ ಮಾಡಿ ಮಾಡಿ ಕಿವಿ ಓಗೈತೆ. ಎದ್ರುಗೆ ಓಗಿ ನಿಂತ್ಕೊಂಡು ಮಾತಾಡು."

ಮೂರು ವರ್ಷ ಒಂದೇ ತಗಡಿನ ಕೆಳಗೆ ಕೆಲಸ ಮಾಡಿದ್ದೆ.

ಎದುರಿಗೆ ಹೋಗಿ ಕೂತು ಎಲ್ಲ ಹೇಳಿದೆ. ನನ್ನ ತುಟಿಗಳನ್ನೇ ನೋಡುತ್ತಾ ಕೇಳಿದರು. ಭಾಯಿಯ ಬೆರಳಿನ ಮಾತು ಬಂದಾಗ ಸ್ಪ್ಯಾನರು ಕೆಳಗಿಟ್ಟರು.

"ಸಾಣೆ ಮೋಟಾರಿನ ಒಳಗೆ ವೈರು ಸುಟ್ಟು ಮೈಗೆ ತಗಲ್ತಾ ಇದೆ," ಅಂದರು. "ಅದಕ್ಕೇ ನಾನು ಹಲಗೆ ಮೇಲೆ ನಿಲ್ತಿದ್ದೆ. ಎಲ್ಲಾ ಮಿಷನ್ನಿಗೂ ಅರ್ತಿನ ತಂತಿ ಒಂದೇ. ಹಿಂದಿನ ಆ ಕೊಳವೆಗೆ ಹೋಗುತ್ತೆ. ದಾರಿ ತಪ್ಪಿದ ಕರೆಂಟು ಅದರ ಮೂಲಕ ಮಣ್ಣಿಗೆ ಇಳೀಬೇಕು. ಮಣ್ಣು ಒಣಗಿದ್ರೆ ಇಳಿಯಲ್ಲ. ಅದೇ ತಂತೀಲಿ ವಾಪಸು ಬಂದು ಎಲ್ಲಾ ಮಿಷನ್ನಿಗೂ ಹತ್ತುತ್ತೆ."

"ಅದಕ್ಕೇ ಉಪ್ಪು, ನೀರು..."

"ಉಪ್ಪು ತೇವ ಹಿಡಿದಿಡುತ್ತೆ. ಇದ್ದಿಲೂ ಹಾಗೇ."

"ನಮಗೆ ಹೇಳ್ಬೋದಿತ್ತಲ್ಲ ಯಜಮಾನ್ರೇ," ಅಂದೆ. ಅನ್ನುವ ಹಕ್ಕು ನನಗಿರಲಿಲ್ಲ.

ಅವರಿಗೆ ಮೊದಲ ಬಾರಿ ಸಿಟ್ಟು ಬಂದದ್ದು ಆಗ. "ಮಾಲೀಕರಿಗೆ ಮೂರು ಸಲ ಹೇಳಿದೀನಿ. ಮೋಟಾರು ಬಿಚ್ಚಿ ಹೊಸ ವೈರು ಸುತ್ತಿಸಿ, ಅಲ್ಲೀವರೆಗೂ ಓಡಿಸ್ಬೇಡಿ ಅಂತ. ಫ್ಯೂಸು ಹೋಗ್ತಾ ಇತ್ತು, ದಪ್ಪ ತಂತಿ ಹಾಕಿಸಿದ್ರು. ಹುಡುಗ್ರಿಗೆ ಹೇಳಿ ಗಾಬರಿ ಮಾಡ್ಬೇಡ ಅಂದ್ರು. ನಂಗೂ ಕೆಲಸ ಬೇಕಿತ್ತು. ಸುಮ್ನಾದೆ. ಅದು ನನ್ನ ತಪ್ಪು." ಸ್ಪ್ಯಾನರನ್ನು ಮತ್ತೆ ಕೈಗೆತ್ತಿಕೊಂಡು ಕೇಳಿದರು, "ನೀನು ಹೇಳಿದ ಮೇಲೆ ತಾನೇ ನನ್ನ ಕಳಿಸಿದ್ದು?"

ಹೂಂ ಅಂದೆ.

ಮಾಲೀಕರ ಕೋಣೆಯಲ್ಲಿ ಅವರ ಮುಖದ ಬಣ್ಣ ಬದಲಾದದ್ದು ಯಾಕೆ ಅಂತ ಆಗ ತಿಳಿಯಿತು. ವಿಷಯ ಗೊತ್ತಿದ್ದ ಒಬ್ಬನೇ ಮನುಷ್ಯನನ್ನು ಆಚೆ ಹಾಕಲು ಅವರಿಗೊಂದು ನೆಪ ಬೇಕಿತ್ತು. ನಾನು ತಟ್ಟೆಯಲ್ಲಿಟ್ಟು ಕೊಟ್ಟಿದ್ದೆ.

ಸೋಮವಾರ ಯಜಮಾನರು ಬಂದರು. ಕೆಲಸಕ್ಕಲ್ಲ, ನೋಡಿ ಹೋಗಲು. ನಾನು ಚಪ್ಪಡಿ ಸರಿಸಿದೆ. ಕೆಳಗಿನ ಮಣ್ಣು ಬೂದಿಯ ಹಾಗೆ ಒಣಗಿತ್ತು. ಅವರು ಒಂದು ಬಲ್ಬಿಗೆ ಎರಡು ಉದ್ದ ವೈರು ಕಟ್ಟಿ, ಒಂದನ್ನು ಮೇನ್ ಸ್ವಿಚ್ಚಿನ ಕರೆಂಟಿನ ತಂತಿಗೂ ಇನ್ನೊಂದನ್ನು ಕೊಳವೆಗೂ ತಾಗಿಸಿದರು. ಬಲ್ಬಿನೊಳಗಿನ ತಂತಿ ಊದುಬತ್ತಿಯ ತುದಿಯಷ್ಟು ಕೆಂಪಗಾಯಿತು, ಅಷ್ಟೇ. "ಹಾಕು ನೀರು," ಅಂದರು. ಕೊಡಗಟ್ಟಲೆ ಹೊತ್ತು ಹಾಕಿದೆ. ಮತ್ತೆ ತಾಗಿಸಿದಾಗ ಬಲ್ಬು ಭಗ್ಗನೆ ಹತ್ತಿಕೊಂಡಿತು. ಆಮೇಲೆ ಮೇನ್ ಸ್ವಿಚ್ಚು ಎಳೆದು, ಸಾಣೆ ಮಿಷನ್ನಿನ ವೈರು ಬಿಚ್ಚಿ, ಮೋಟಾರನ್ನು ಕೆಳಗಿಳಿಸಿ, ಮಾಲೀಕರ ಕೋಣೆಯ ಹೊಸ್ತಿಲ ಮೇಲಿಟ್ಟರು. ಫ್ಯೂಸಿನ ದಪ್ಪ ತಂತಿ ಕಿತ್ತು ಅದರ ಮೇಲಿಟ್ಟರು.

ಮಾಲೀಕರು ಬಾಗಿಲಲ್ಲೇ ನಿಂತಿದ್ದರು. "ಇಷ್ಟೊಂದು ಆಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ," ಅಂದರು ನಮ್ಮೆಲ್ಲರ ಕಡೆ ತಿರುಗಿ. ಯಜಮಾನರು ಅವರ ತುಟಿಗಳನ್ನು ನೋಡಲಿಲ್ಲ. ಸೈಕಲ್ಲು ಹತ್ತಿದರು. ವಾಪಸು ಬನ್ನಿ ಅಂತ ನಾವೆಲ್ಲ ಸೇರಿ ಕೇಳಿದೆವು. ಬರಲಿಲ್ಲ. ಹೆಬ್ಬಾಳದಲ್ಲೇ ಪಂಪು ರಿಪೇರಿ ಮಾಡಿಕೊಂಡು ಇದ್ದರು.

ಮೋಟಾರು ರಿಪೇರಿಯಾಗಿ ಬರುವವರೆಗೂ ಯಾವ ಮಿಷನ್ನಿನ ಸ್ವಿಚ್ಚೂ ಮುಟ್ಟುವುದಿಲ್ಲ ಅಂತ ನಾವು ಪಟ್ಟು ಹಿಡಿದೆವು. ಮಾಲೀಕರು ಮೂರು ದಿನ ಕೂಗಾಡಿ ನಾಲ್ಕನೇ ದಿನ ಅದನ್ನು ರಿಪೇರಿಗೆ ಕಳಿಸಿದರು.

ಭಾಯಿಗೆ ಹೇಳುವುದು ಬಾಕಿ ಇತ್ತು. ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತು, ಯಜಮಾನರ ಮೇಲೆ ಚಾಡಿ ಹೇಳಿದ್ದು ನಾನು, ಕೊಳವೆ ಮುಚ್ಚಿದ್ದು ನೀನೇ ನೋಡಿದ್ದೀಯ, ಆವತ್ತು ಸ್ವಿಚ್ಚು ಹಾಕಿದ್ದೂ ನಾನೇ ಅಂತ ಒಂದೇ ಉಸಿರಿಗೆ ಹೇಳಿದೆ. ಅವನು ಗೋಡೆಯ ಕಡೆ ಮಗ್ಗುಲಾದ. ಕಾದು ಕೂತೆ. ತಿರುಗಲಿಲ್ಲ. ಎದ್ದು ಬಂದೆ.

ಮರುದಿನ ಹೋದೆ, ಮಾತಿಲ್ಲ. ಅದರ ಮರುದಿನವೂ ಇಲ್ಲ. ಅವನ ಹೆಂಡತಿಗೂ ವಿಷಯ ಗೊತ್ತಾಗಿತ್ತು, ನನ್ನನ್ನು ಕಂಡರೆ ಎದ್ದು ಆಚೆ ಹೋಗುತ್ತಿದ್ದಳು. ಅವನನ್ನು ಮನೆಗೆ ಕಳಿಸುವ ದಿನವೂ ಹೋದೆ. ಆಕೆ ಔಷಧಿ ತರಲು ಹೋಗಿದ್ದಳು. ಅವನು ಮಂಚದ ಅಂಚಿನಲ್ಲಿ ಕೂತು, ಬ್ಯಾಂಡೇಜು ಸುತ್ತಿದ ಕೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದ. ಮೇಲಿನದು ಕೆಳಗಿನ ತೂತಿಗೆ ಹೋಗಿತ್ತು. ನಾನು ಬಾಗಿಲಲ್ಲೇ ನಿಂತೆ, ಮುಂದೆ ಹೋಗಲು ಧೈರ್ಯ ಬರಲಿಲ್ಲ.

ನನ್ನನ್ನು ನೋಡಿ, ಅವನೇ ಎರಡೂ ಕೈ ಕೆಳಗೆ ಬಿಟ್ಟು ಎದೆ ಮುಂದೆ ಮಾಡಿದ.

"ಬಾ, ಹಾಕು," ಅಂದ.

ನಾನು ಬಗ್ಗಿ, ತಪ್ಪಾಗಿದ್ದುದನ್ನು ಬಿಚ್ಚಿ, ಒಂದೊಂದಾಗಿ ಹಾಕಿದೆ.